ವರದಿಗಳಲ್ಲಿ ದೋಷವಿಲ್ಲ, ದೇಹ ಮಾತ್ರ ದಣಿದಿದೆ: ಬಾಲ್ಯದ ಭಯ ಕಾರಣವಾಗಿರಬಹುದೇ?

ಪ್ರಶ್ನೆ: ಬ್ಯಾಂಕ್ ಅಧಿಕಾರಿ, ನೀರ್ಚಾಲು (ಕೇರಳದ ಕಾಸರಗೋಡು ಜಿಲ್ಲೆ)

ಕನ್ನಡ ಮಾಧ್ಯಮದಲ್ಲಿ ಓದಿ, ಪ್ರತಿ ತರಗತಿಯಲ್ಲೂ ಮೊದಲಿಗಳಾಗಿದ್ದ ನಾನು ಈಗ ಹಿರಿಯ ಹುದ್ದೆಯಲ್ಲಿದ್ದೇನೆ. ಕೆಲವು ವರ್ಷಗಳಿಂದ ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆ, ಬೆಳಗ್ಗೆ ದವಡೆ ನೋಯುತ್ತದೆ, ಹೊಟ್ಟೆ ಆಗಾಗ ಕೆಡುತ್ತದೆ. ಮಂಗಳೂರಿನಲ್ಲಿ ಇಸಿಜಿ, ಥೈರಾಯ್ಡ್, ಎಂಡೋಸ್ಕೋಪಿ ಎಲ್ಲವನ್ನೂ ಮಾಡಿಸಿದರೂ ಏನೂ ಸಿಗಲಿಲ್ಲ. ಚಿಕ್ಕವಳಿದ್ದಾಗ, ಅಂಗಳಕ್ಕೆ ಬಂದ ಅಪ್ಪನ ಬೈಕಿನ ಸದ್ದಿನಿಂದಲೇ ಅವರ ಅಂದಿನ ಸಿಟ್ಟನ್ನು ಅಳೆದು ಪುಸ್ತಕ ಹಿಡಿದು ಕೂರುತ್ತಿದ್ದೆ; ಅಂಕ ಕಡಿಮೆಯಾದರೆ ಬೆತ್ತದ ಪೆಟ್ಟು ಬೀಳುತ್ತಿತ್ತು. ಈಗ ಮೇಲಧಿಕಾರಿಯ ಕರೆ ಬಂದರೂ ಹೊಟ್ಟೆ ಹಾಗೆಯೇ ಹಿಂಡುತ್ತದೆ. ಇಷ್ಟೆಲ್ಲ ಸಾಧಿಸಿದ ಮೇಲೂ ಆ ಭಯ ದೇಹದಲ್ಲಿ ಉಳಿದಿರಲು ಸಾಧ್ಯವೇ?

ಉತ್ತರ: ವೈದ್ಯ, ಉಪ್ಪಳ

ಖಂಡಿತ ಸಾಧ್ಯ. ಅಪಾಯದ ಸುಳಿವು ಸಿಕ್ಕಿದೊಡನೆ ಮೆದುಳು ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಹೊರಡಿಸುತ್ತದೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ಏರುಪೇರಾಗುತ್ತದೆ. ಅಪಾಯ ಕಳೆದ ಮೇಲೆ ಇವೆಲ್ಲ ತಣಿಯಬೇಕು. ದಿನವೂ ಹೆದರಿ ಬೆಳೆದ ಮಗುವಿನಲ್ಲಿ ಈ ಎಚ್ಚರವೇ ರೂಢಿಯಾಗಿ, ದೊಡ್ಡವರಾದ ಮೇಲೂ ಸಣ್ಣ ಕಾರಣಕ್ಕೆ ಕೆರಳಬಹುದು. ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದ ಕಹಿ ಅನುಭವಗಳ ಬಗೆಗಳು ಹೆಚ್ಚಿದಷ್ಟೂ ವಯಸ್ಕರಲ್ಲಿ ಹೃದ್ರೋಗ, ಖಿನ್ನತೆ ಮುಂತಾದವು ಹೆಚ್ಚಾಗಿ ಕಂಡುಬಂದವು. ಅದರಲ್ಲಿ ಪಾಲ್ಗೊಂಡ ಬಹುಪಾಲು ಮಂದಿ ಆರೋಗ್ಯ ವಿಮೆಯೂ ಕಾಲೇಜು ಶಿಕ್ಷಣವೂ ಇದ್ದವರು ಎಂಬುದು ನಿಮ್ಮ ಪ್ರಶ್ನೆಯ ಮಟ್ಟಿಗೆ ಬಹಳ ಮುಖ್ಯ. ಆದರೆ ಅದು ಗುಂಪಿನ ಲೆಕ್ಕವಾದ್ದರಿಂದ, ನಿಮ್ಮೊಬ್ಬರಿಗೆ ಮುಂದೇನಾದೀತು ಎಂದು ಅದರಿಂದ ಹೇಳಲಾಗದು.

ಉತ್ತರ: ನಿವೃತ್ತ ಅಧ್ಯಾಪಿಕೆ, ಪೆರ್ಲ

ತಂಗೀ, ಅಂಕಪಟ್ಟಿ ಚೆನ್ನಾಗಿದ್ದರೆ ಮಗುವೂ ಚೆನ್ನಾಗಿದೆ ಎಂದೇ ನಮ್ಮಲ್ಲಿ ತಿಳಿಯುತ್ತಾರೆ. ಉತ್ತರಪತ್ರಿಕೆ ಹಿಂದಿರುಗಿಸುವಾಗ ಅಂಕವನ್ನು ನೋಡುವ ಮೊದಲು ನನ್ನ ಮುಖವನ್ನು ನೋಡುತ್ತಿದ್ದ ಜಾಣ ಮಕ್ಕಳ ಬಗ್ಗೆಯೇ ನನಗೆ ಹೆಚ್ಚು ಚಿಂತೆಯಿತ್ತು. ಅಪ್ಪ ಕಷ್ಟಪಟ್ಟು ಓದಿಸಿದ್ದೂ ನಿಜ, ಹೊಡೆದದ್ದೂ ನಿಜ. ಎರಡನೆಯದನ್ನು ಬಾಯಿಬಿಟ್ಟು ಹೇಳಿದರೆ ಮೊದಲನೆಯದಕ್ಕೆ ದ್ರೋಹ ಬಗೆದಂತಾಗುವುದಿಲ್ಲ.

ಉತ್ತರ: ಆಪ್ತಸಮಾಲೋಚಕಿ, ಮಂಜೇಶ್ವರ

ಹಲ್ಲಿನ ವೈದ್ಯರಿಂದ ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕುವ ಕವಚ) ಮಾಡಿಸಿಕೊಳ್ಳಿ; ಹಲ್ಲು ಸವೆಯುವುದಾದರೂ ತಪ್ಪುತ್ತದೆ. ಭಯದ ಚಿಕಿತ್ಸೆಗೆ, ಮನಸ್ಸಿನ ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ವರ್ತನೆಗಳನ್ನು ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ) ಅಥವಾ ಇಎಂಡಿಆರ್ (ಕಣ್ಣಿನ ಚಲನೆಯ ನೆರವಿನಿಂದ ಕಹಿ ನೆನಪುಗಳ ತೀವ್ರತೆ ತಗ್ಗಿಸುವ ಚಿಕಿತ್ಸೆ) ಬಲ್ಲ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಕಾಣಿ. ಇಂಥ ಮಾತನ್ನು ಮಲಯಾಳದಲ್ಲಿ ಹೇಳಲು ತಡವರಿಸುವಂತಾದರೆ, ದೂರವಾದರೂ ಕನ್ನಡ ಬಲ್ಲವರನ್ನೇ ಹುಡುಕಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡವನ್ನು ಆಯ್ದುಕೊಳ್ಳಬಹುದು. ಎದೆನೋವು ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಅಥವಾ ಮಲದಲ್ಲಿ ರಕ್ತ ಕಂಡರೆ, ಇದೂ ಮನಸ್ಸಿನದ್ದೇ ಎಂದುಕೊಂಡು ಸುಮ್ಮನಿರದೆ ಕೂಡಲೇ ವೈದ್ಯರಲ್ಲಿಗೆ ಹೋಗಿ.