ಸಹಾಯ ಬೇಕು: ಫುಲ್‌ಬ್ರೈಟ್-ನೆಹರು ಅರ್ಜಿಗೆ ಪ್ರೊಫೆಸರ್ ಮೇಲ್ ಸಾಕಾ?

ಎಲ್ಲರಿಗೂ ನಮಸ್ಕಾರ. ಕೋಲಾರದ ಕೆರೆಗಳ ಹೂಳಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಫುಲ್‌ಬ್ರೈಟ್-ನೆಹರು ಡಾಕ್ಟೋರಲ್ ಫೆಲೋಶಿಪ್‌ಗೆ ಅರ್ಜಿ ತುಂಬುತ್ತಿದ್ದೇನೆ. ಸಿಕ್ಕರೆ ಅಮೆರಿಕದಲ್ಲಿ 6ರಿಂದ 9 ತಿಂಗಳು ಸಂಶೋಧನೆ ಮಾಡಬಹುದು. ಮೊದಲು ಅರ್ಜಿಗಳನ್ನು ತಜ್ಞರು ಓದುತ್ತಾರೆ, ಅದರಲ್ಲಿ ಉಳಿದವರಿಗಷ್ಟೇ ಸಂದರ್ಶನ. ಇಷ್ಟು ಗೊತ್ತು.

ಅಲ್ಲಿನ ಪ್ರೊಫೆಸರ್ ಒಬ್ಬರು, "ನಿಮ್ಮ ಹೂಳಿನ ಮಾದರಿಗಳನ್ನು ನಮ್ಮ ಲ್ಯಾಬಿನಲ್ಲೇ ಪರೀಕ್ಷೆ ಮಾಡಬಹುದು, ಬನ್ನಿ" ಎಂದು ಮೇಲ್ ಬರೆದಿದ್ದಾರೆ. ಅರ್ಜಿಗೆ ಲಗತ್ತಿಸಲು ಇದನ್ನೇ ಲೆಟರ್‌ಹೆಡ್‌ನಲ್ಲಿ ಆಹ್ವಾನ ಪತ್ರವಾಗಿ ಕೊಡಿ ಎಂದು ಕೇಳಿದೆ, ಮತ್ತೆ ನೆನಪಿಸಿದೆ. ಉತ್ತರವೇ ಇಲ್ಲ. ಮೇಲ್ ಸಾಕು ಅಂತಾರೆ ನನ್ನ ಗೈಡ್. ಪತ್ರ ಇಲ್ಲದಿದ್ದರೆ ಮೊದಲ ಸುತ್ತಲ್ಲೇ ಕೈಬಿಡ್ತಾರೆ ಅಂತಾರೆ ಸೀನಿಯರ್‌ಗಳು. ಯಾರನ್ನು ನಂಬೋದು?

ಈ ಫೆಲೋಶಿಪ್ ಪಡೆದವರು, ಸಂದರ್ಶನದವರೆಗೆ ಹೋದವರು ದಯವಿಟ್ಟು ಹೇಳಿ: ನೀವು ಬರೀ ಮೇಲ್ ಲಗತ್ತಿಸಿದ್ದಿರಾ, ಇಲ್ಲಾ ಪತ್ರವನ್ನೇ ಕೊಟ್ಟಿದ್ದಿರಾ?