ಬಾಸೆಲ್ ಮಿಷನ್ ಆರ್ಕೈವಿನಲ್ಲಿ ನಮ್ಮ ಹಿರಿಯರನ್ನು ಹುಡುಕುವುದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ (ಗದಗದಿಂದ):
ನಮಸ್ಕಾರ್ರಿ ಮೇಡಂ. ನಮ್ಮ ಅಜ್ಜನ ಅಪ್ಪ ಬೆಟಗೇರ್ಯಾಗ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆ ನಡಸ್ತಿದ್ದ ಸಾಲ್ಯಾಗ ಮಾಸ್ತರ ಇದ್ರು ಅಂತ ಮನ್ಯಾಗ ಹೇಳ್ತಾರ. 1900ರ ಆಜೂಬಾಜು ಇರಬೇಕು. ಮಿಷನ್ನಿನ ಹಳೇ ಫೋಟೋ, ಕಾಗದಪತ್ರ ಎಲ್ಲಾ ಸ್ವಿಟ್ಜರ್ಲೆಂಡಿನ ಬಾಸೆಲ್‌ನಾಗ ಅದಾವು, ಇಲ್ಲೇ ಕುಂತು ನೋಡಬಹುದು ಅಂತ ಒಬ್ಬರು ಹೇಳಿದ್ರು. ಬಿಎಂ ಆರ್ಕೈವ್ಸ್ ಅನ್ನೋ ಅವರ ವೆಬ್‌ಸೈಟ್ ತಗದು ಅವರ ಹೆಸರು ಇಂಗ್ಲಿಷಿನಾಗ ನಾಲ್ಕು ನಮೂನಿ ಹೊಡದು ನೋಡಿದೆ. ಒಂದೂ ಬರಲಿಲ್ಲ. ಅವರ ದಾಖಲಿನ ಇಲ್ಲೇನು, ನಾನ ತಪ್ಪು ಹುಡುಕಾಕತ್ತೀನೇನು?

ಉತ್ತರ (ಗ್ರಂಥಪಾಲಕಿ, ಮಂಗಳೂರು):
ನಮಸ್ಕಾರ ಸರ್. ಹೆಸರು ಬರಲಿಲ್ಲ ಅಂದ ಮಾತ್ರಕ್ಕೆ ಅವರು ಅಲ್ಲಿಲ್ಲ ಅಂದುಕೊಳ್ಳಬೇಡಿ. ವಾರಕ್ಕೆ ಒಬ್ಬರಾದರೂ ನನ್ನ ಹತ್ತಿರ ಇದೇ ಬೇಸರ ಹೇಳಿಕೊಂಡು ಬರುತ್ತಾರೆ. ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ, ತಮ್ಮ ಮನೆಯ ಹೆಸರು ಹಾಕಿ ಹುಡುಕುವುದು. ಆರ್ಕೈವಿನ ಪಟ್ಟಿಯನ್ನು ಬರೆದವರು ನಮ್ಮ ಮನೆಯವರಲ್ಲ ಅನ್ನುವುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡಕ್ಕೆ 1837, ಹುಬ್ಬಳ್ಳಿಗೆ 1839, ನಿಮ್ಮ ಬೆಟಗೇರಿಗೆ 1841. ಇಲ್ಲಿಂದ ಕಳಿಸಿದ ಫೋಟೋಗಳನ್ನು ಜರ್ಮನಿ, ಸ್ವಿಟ್ಜರ್ಲೆಂಡಿನಲ್ಲಿ ಮಿಷನ್ನಿಗೆ ಹಣ ಕೊಡುತ್ತಿದ್ದ ಜನರಿಗೆ ತೋರಿಸುತ್ತಿದ್ದರು. ಹಾಗಾಗಿ ಕೆಳಗಿನ ಬರಹ ಬಹಳ ಸಲ 'ಶಾಲೆಯ ಮಕ್ಕಳೊಂದಿಗೆ ಶಿಕ್ಷಕ' ಅನ್ನುವಲ್ಲಿಗೇ ನಿಲ್ಲುತ್ತದೆ. ಪಕ್ಕದಲ್ಲಿ ಕುರ್ಚಿಯ ಮೇಲೆ ಕುಳಿತ ಮಿಷನರಿಯ ಹೆಸರು ಇರುತ್ತದೆ, ನಿಂತಿರುವ ನಮ್ಮ ಮೇಷ್ಟರ ಹೆಸರು ಇರುವುದಿಲ್ಲ. ಇದು ನನಗೆ ಈಗಲೂ ನೋವಿನ ಸಂಗತಿ. ಆದರೆ ಹುಡುಕುವ ದಾರಿ ಸಿಗುವುದೂ ಇದರಿಂದಲೇ. ಹೆಸರು ಬಿಡಿ, ಊರು ಮತ್ತು ಕೆಲಸ ಹಿಡಿಯಿರಿ.

ಊರನ್ನು ಮಿಷನರಿಗಳ ಕಿವಿಗೆ ಕೇಳಿಸಿದಂತೆ ಬರೆಯಬೇಕು. ಬೆಟಗೇರಿಗೆ ಬಿ, ಇ, ಟಿ, ಟಿ, ಐ, ಜಿ, ಇ, ಆರ್, ಐ ಹಾಕಿ ನೋಡಿ. ಟಿ ಎರಡು, ಆಮೇಲೆ ಐ. ಧಾರವಾಡದ ಕೊನೆಗೆ ಡಿ ಬದಲು ಆರ್. ಉಡುಪಿ ಅವರ ಬರಹದಲ್ಲಿ 'ಉಡಪಿ' ಆಗಿರುವುದುಂಟು. ಮಡಿಕೇರಿ ಅಂತ ಹಾಕಿದರೆ ಸಿಗದ ಚಿತ್ರ 'ಮರ್ಕೆರಾ' ಅಂತ ಹಾಕಿದರೆ ಸಿಕ್ಕೀತು, ಅದೂ ಸಿ ಬದಲು ಕೆ ಹಾಕಿ. ಜರ್ಮನ್ನರು 'ಯ' ಧ್ವನಿಗೆ ಜೆ ಬರೆಯುತ್ತಾರೆ, ಕೌಂಡಿನ್ಯ ಅನ್ನುವಂಥ ಹೆಸರು ಹುಡುಕುವಾಗ ಇದು ನೆನಪಿರಲಿ. ಮಿಷನರಿ ಮೋಗ್ಲಿಂಗ್ ಹೆಸರಿನಲ್ಲಿರುವ, ಮೇಲೆ ಎರಡು ಚುಕ್ಕಿಯ ಓ ನಮ್ಮ ಕೀಬೋರ್ಡಿನಲ್ಲಿ ಇರುವುದಿಲ್ಲ, ಅದರ ಬದಲು ಓ, ಇ ಎರಡೂ ಅಕ್ಷರ ಹೊಡೆಯಿರಿ.

ಕೆಲಸಕ್ಕೂ ಇದೇ ಉಪಾಯ. ಶಿಕ್ಷಕರಿಗೆ ಇಂಗ್ಲಿಷಿನ ಟೀಚರ್ ಹಾಕಿ ನೋಡಿ. ಆಮೇಲೆ ಜರ್ಮನ್ ಪದ ಲೇರರ್, ಅಂದರೆ ಎಲ್, ಇ, ಎಚ್, ಆರ್, ಇ, ಆರ್. ಹಳೆಯ ಶೀರ್ಷಿಕೆಗಳು ಜರ್ಮನ್‌ನಲ್ಲಿವೆ, ಇಂಗ್ಲಿಷ್ ವಿವರ ಎಲ್ಲದಕ್ಕೂ ಒಂದೇ ರೀತಿ ಇರುವುದಿಲ್ಲ, ಹಾಗಾಗಿ ಎರಡರಲ್ಲೂ ಹುಡುಕಬೇಕು. ಸಿಕ್ಕ ಚಿತ್ರದ ನಂಬರಿನಲ್ಲಿ ಸಿ ಅಕ್ಷರ, 30 ಅಂತ ಕಂಡರೆ ಅದು ಭಾರತದ ಫೋಟೋ ಸಂಗ್ರಹದ್ದು. ಆ ನಂಬರನ್ನು ಪೂರ್ತಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದಿಲ್ಲದೆ ನಾಳೆ ಅದೇ ಚಿತ್ರಕ್ಕೆ ಮರಳುವುದು ಬಹಳ ಕಷ್ಟ.

ತಾರೀಖಿನ ವಿಷಯದಲ್ಲಿ ಮಾತ್ರ ಮೋಸ ಹೋಗಬೇಡಿ. 01.01.1901ರಿಂದ 31.12.1914 ಅಂತ ಕಾಣಿಸಿದರೆ ಫೋಟೋ ಹೊಸ ವರ್ಷದ ದಿನ ತೆಗೆದದ್ದು ಅಂತ ಅರ್ಥವಲ್ಲ. ಆ ಎರಡು ವರ್ಷಗಳ ನಡುವೆ ಯಾವಾಗಲೋ ತೆಗೆದದ್ದು, ಅಷ್ಟೇ. ಒಬ್ಬರು ಇದನ್ನೇ ಮದುವೆಯ ದಿನ ಅಂದುಕೊಂಡು ಮನೆತನದ ಪುಸ್ತಕದಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದರು.

ಪ್ರಶ್ನೆ (ಉಳ್ಳಾಲದಿಂದ):
ಅಕ್ಕ, ನಂದೂ ಒಂದು ಸಂಶಯ. ನಮ್ಮ ಅಜ್ಜಿಯ ಅಮ್ಮ ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅವರ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ದಿನ ಬೇಕಿತ್ತು. ಅದು ಬಾಸೆಲ್‌ನಲ್ಲಿ ಸಿಗ್ತದಾ? ಮತ್ತೆ ಮೊಬೈಲಲ್ಲಿ ಫೋಟೋ ದೊಡ್ಡದಾಗುವುದೇ ಇಲ್ಲ.

ಉತ್ತರ:
ಮೊಬೈಲಿನದ್ದು ಸುಲಭ ತಂಗಿ, ಬ್ರೌಸರಿನ ಮೆನುವಿನಲ್ಲಿ ಡೆಸ್ಕ್‌ಟಾಪ್ ಸೈಟ್ ಆಯ್ಕೆ ಮಾಡಿ ನೋಡು. ಆದರೂ ಮುಖ ಗುರುತಿಸುವ ಕೆಲಸ ಇದ್ದರೆ ಕಂಪ್ಯೂಟರೇ ಬೇಕು.

ದೀಕ್ಷಾಸ್ನಾನಕ್ಕೆ ಬಾಸೆಲ್ ಕಡೆ ನೋಡಬೇಡ. ಅಲ್ಲಿರುವುದು ಮಿಷನರಿಗಳು ಬರೆದ ವರದಿ, ಪತ್ರ, ನಕ್ಷೆ, ಫೋಟೋ, ಅವರವರ ಸೇವಾ ಕಡತ. ಸಭೆಯ, ಅಂದರೆ ಚರ್ಚಿನ, ಜನರ ದೀಕ್ಷಾಸ್ನಾನ, ಮದುವೆ, ಮರಣದ ರಿಜಿಸ್ಟರಿಗೆ ಇಲ್ಲಿಯ ಸಭೆಯನ್ನೇ ಕೇಳಬೇಕು. ಕಾರ್ಖಾನೆ ಜೆಪ್ಪುವಿನಲ್ಲಿ ಇದ್ದ ಮಾತ್ರಕ್ಕೆ ಸಭೆಯೂ ಅದೇ ಆಗಬೇಕಿಲ್ಲ. ಅಜ್ಜಿಯ ಕುಟುಂಬ ಯಾವ ಸಭೆಗೆ ಹೋಗುತ್ತಿತ್ತು ಅಂತ ಮನೆಯಲ್ಲಿ ಮೊದಲು ಕೇಳು, ಆಮೇಲೆ ಅಲ್ಲಿಯ ಸಭಾಪಾಲಕರನ್ನು ಕಾಣು. ಭಾನುವಾರ ಆರಾಧನೆ ಮುಗಿದ ಗಡಿಬಿಡಿಯಲ್ಲಿ ಬೇಡ, ವಾರದ ದಿನ ಹೋಗು. ಹೆಸರು, ಅಂದಾಜು ವರ್ಷ, ತಂದೆಯ ಹೆಸರು ಒಂದು ಚೀಟಿಯಲ್ಲಿ ಬರೆದು ಕೊಡು. ರಿಜಿಸ್ಟರ್ ಹಳತಾಗಿ ಪುಡಿಯಾಗುತ್ತಿದ್ದರೆ ಪುಟ ಮಗುಚುವುದನ್ನು ಅವರಿಗೇ ಬಿಡು.

ಕಾರ್ಖಾನೆಯ ಚಿತ್ರ ಬೇಕಿದ್ದರೆ ಮಾತ್ರ ಆರ್ಕೈವಿಗೆ ಹೋಗು. ಜೆಪ್ಪುವಿನದು 1865ರಲ್ಲಿ ಶುರುವಾದ ಕಾರ್ಖಾನೆ. ಹೆಂಚಿನ ಕೆಲಸಕ್ಕೆ ಜರ್ಮನ್ ಪದ ತ್ಸೀಗೆಲೈ: ಝಡ್, ಐ, ಇ, ಜಿ, ಇ, ಎಲ್, ಇ, ಐ. ನೇಯ್ಗೆಗೆ ವೇಬರೈ: ಡಬ್ಲ್ಯು, ಇ, ಬಿ, ಇ, ಆರ್, ಇ, ಐ. ಹಸಿ ಹೆಂಚು ಹೊತ್ತ ಹೆಂಗಸರ ಸಾಲು ಕಂಡರೆ ಅವಸರದಲ್ಲಿ ದಾಟಿ ಹೋಗಬೇಡ, ಒಂದೊಂದೇ ಮುಖ ನೋಡು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧಿಸಿ ಹೊರಗೆ ಕಳಿಸಿದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಅಜ್ಜಿಯ ಅಮ್ಮ ಕೆಲಸಕ್ಕೆ ಸೇರಿದ್ದು ಅದಕ್ಕಿಂತ ಮುಂಚೆಯೋ ಆಮೇಲೋ ಅನ್ನುವುದನ್ನು ಮೊದಲು ಖಚಿತ ಮಾಡಿಕೋ. ಆಮೇಲಿನದಾದರೆ ಬಾಸೆಲ್‌ನಲ್ಲಿ ಸಿಗುವ ಸಂಭವ ಕಡಿಮೆ.

ಗದಗದವರು ಮತ್ತೆ:
ಮೇಡಂ, ನೀವು ಹೇಳಿದಂಗ ಟಿ ಎರಡು ಹಾಕಿದೆ, ಬಂತ್ರಿ! ಸಾಲಿ ಮುಂದ ಮಕ್ಕಳು, ಬಾಜು ಪೇಟಾ ಸುತ್ತಿದ ಮೂರು ಮಂದಿ ಮಾಸ್ತರು. ಹೆಸರು ಇಲ್ಲ. ಎಡಗಡಿ ನಿಂತವರ ಮೂಗು ನಮ್ಮಪ್ಪನ ಮೂಗಿನಂಗನ ಐತಿ. ಇವರ ಇರಬೇಕ್ರಿ. ಇವರ ಬಗ್ಗೆ ಬರದ ಕಾಗದ ಏನರ ಸಿಗತಾವೇನು?

ಉತ್ತರ:
ತುಂಬಾ ಸಂತೋಷವಾಯಿತು ಸರ್. ಕಾಗದದ ವಿಷಯ ಮೊದಲು ಹೇಳುತ್ತೇನೆ. ಎಲ್ಲ ಕಾಗದಪತ್ರ ಸ್ಕ್ಯಾನ್ ಆಗಿಲ್ಲ, ಎಷ್ಟೋ ಕಡೆ ವಿವರ ಮಾತ್ರ ಕಾಣುತ್ತದೆ. ಕಾಣಿಸಿದರೂ ಹಳೆಯ ಜರ್ಮನ್ ಕೈಬರಹ, ಇಂದಿನ ಜರ್ಮನ್ ಬಲ್ಲವರಿಗೂ ಅಭ್ಯಾಸವಿಲ್ಲದೆ ಓದಲಾಗದು. ನಿಮಗೆ ಹತ್ತಿರದ ದಾರಿ ಮಿಷನ್ನಿನ ಅಚ್ಚಾದ ವಾರ್ಷಿಕ ವರದಿಗಳು. ಇಂಗ್ಲಿಷಿನಲ್ಲೂ ಬಂದಿವೆ, ಊರೂರಿನ ಶಾಲೆಯ ಸುದ್ದಿ ಅದರಲ್ಲಿದೆ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಆರ್ಕೈವ್ ಇದೆ, ಬರುವ ಮೊದಲು ಅವರಿಗೆ ಬರೆದು ಕೇಳಿ. ಬೆಟಗೇರಿ ಸಭೆಯಲ್ಲಿ ವಿಚಾರಿಸಿ, ಧಾರವಾಡದಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಉತ್ತರ ಸಭಾಪ್ರಾಂತದ ಕಚೇರಿಯಲ್ಲೂ ಕೇಳಿ.

ಫೋಟೋ ಮನೆಯಲ್ಲಿ ನೋಡಿಕೊಳ್ಳುವುದು ಬೇರೆ, ಪುಸ್ತಕದಲ್ಲೋ ಪತ್ರಿಕೆಯಲ್ಲೋ ಹಾಕುವುದು ಬೇರೆ. ಹಾಕುವುದಿದ್ದರೆ ನಂಬರ್ ಸಮೇತ ಬಾಸೆಲ್ಲಿಗೆ ಬರೆದು ಅನುಮತಿ ಕೇಳಿ. ಆರ್ಕೈವ್ ಈಗ ಮಿಷನ್ 21 ಅನ್ನುವ ಸಂಸ್ಥೆಯ ಕೈಯಲ್ಲಿದೆ. ಪತ್ರ ಸರಳ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಇದ್ದರೆ ಸಾಕು.

ಇನ್ನು ಮೂಗಿನ ವಿಷಯ. ದಯವಿಟ್ಟು ಇವತ್ತೇ ಆ ಫೋಟೋಗೆ ಹೆಸರು ಬರೆಯಬೇಡಿ. ನಿಮ್ಮ ಮನೆಯಲ್ಲಿ ಅವರನ್ನು ಕಂಡವರು ಯಾರಾದರೂ ಉಳಿದಿದ್ದಾರೆಯೇ?

ಗದಗದವರು:
ಅವರನ್ನ ಕಂಡವರು ಯಾರೂ ಇಲ್ರಿ. ಆದ್ರ ನಮ್ಮ ದೊಡ್ಡತ್ತಿ ಅದಾರ, ಹುಬ್ಬಳ್ಳ್ಯಾಗ. ಸಣ್ಣಾಕಿ ಇದ್ದಾಗ ಪಡಸಾಲ್ಯಾಗ ಅವರ ಫೋಟೋ ಇತ್ತಂತ, ದಿನಾ ನೋಡ್ತಿದ್ರಂತ. ಮುಂದ ಮನಿ ಸೋರಿ ಅದು ಹಾಳಾತು. ಆಯಿತವಾರ ಹೋಗಿ ತೋರಿಸಿ ಬರ್ತೀನಿ.

ಉತ್ತರ:
ಹೋಗುವ ಮೊದಲು ಫೋಟೋ ಅಂಗಡಿಯಲ್ಲಿ ದೊಡ್ಡ ಪ್ರಿಂಟ್ ತೆಗೆಸಿ, ಮೊಬೈಲಿನಲ್ಲಿ ತೋರಿಸಬೇಡಿ. ಎಡಗಡೆಯವರು ಅಂತ ನೀವು ಹೇಳಬೇಡಿ, ಬೆರಳೂ ತೋರಿಸಬೇಡಿ. ಮೂವರೂ ಇರುವ ಪ್ರಿಂಟನ್ನು ಕೈಗೆ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಏನು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲೇ, ದಿನ ಹಾಕಿ, ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಳ್ಳಿ.