ಪದಚರ್ಚೆ: ಪೈಲಟ್ ವಿದ್ಯಾರ್ಥಿಗಳ ತಂಪು ಕನ್ನಡಕ, ‘ಪೋಲರೈಸ್ಡ್’ಗೆ ಏನು ಬರೆಯಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಿಮಾನ ಹಾರಿಸಲು ಕಲಿಯುತ್ತಿರುವವರಿಗಾಗಿ ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಈ ಸಲ ಸೇರಿದವರಲ್ಲಿ ಕನ್ನಡ ಮಾಧ್ಯಮದವರು ಜಾಸ್ತಿ. ಎಂಥ ತಂಪು ಕನ್ನಡಕ ಕೊಳ್ಳಬೇಕು ಅನ್ನುವುದು ವಿಷಯ.

ಮುಖ್ಯವಾಗಿ ಹೇಳಬೇಕಾದದ್ದು, ಪೋಲರೈಸ್ಡ್ ಗಾಜು ಬೇಡ ಅಂತ. ಕಾಕ್‌ಪಿಟ್‌ನ ಎಲ್‌ಸಿಡಿ ಪರದೆಯಿಂದ ಬರುವ ಬೆಳಕೇ ಪೋಲರೈಸ್ಡ್, ಅಂದರೆ ಒಂದೇ ದಿಕ್ಕಿಗೆ ಅದುರುವಂಥದ್ದು. ಆ ಗಾಜು ಹಾಕಿಕೊಂಡು ತಲೆ ವಾಲಿಸಿದರೆ ಪರದೆ ಕಪ್ಪಾಗಬಹುದು. ಎದುರಿನ ಪ್ಲಾಸ್ಟಿಕ್ ವಿಂಡ್‌ಶೀಲ್ಡ್‌ನಲ್ಲಿ ಬಣ್ಣಬಣ್ಣದ ಪಟ್ಟೆಗಳು ಕಾಣಬಹುದು. ದೂರದ ವಿಮಾನ ಬಿಸಿಲಿಗೆ ಫಳ್ಳೆಂದರೆ ಆ ಹೊಳಪೂ ಮಂಕಾಗಬಹುದು. ‘ಧ್ರುವೀಕೃತ’ ಎಂದು ಬರೆಯಲೇ? ಗ್ಲೇರ್, ಗ್ಲಿಂಟ್ ಎರಡಕ್ಕೂ ಬೇರೆ ಬೇರೆ ಪದ ಬೇಕು.

ಉತ್ತರ, ಮೈಸೂರಿನಿಂದ

ಧ್ರುವೀಕೃತ. ಭೌತಶಾಸ್ತ್ರದ ಕನ್ನಡ ಪುಸ್ತಕಗಳಲ್ಲಿ ಇರುವ ಪದ. ಇದರಲ್ಲಿ ಚರ್ಚೆ ಏನಿದೆ?

ಉತ್ತರ, ಶಿವಮೊಗ್ಗದಿಂದ

ಚರ್ಚೆ ಇದೆ. ಬೆಳಕಿಗೆ ಧ್ರುವ ಎಲ್ಲಿದೆ? 1808ರಲ್ಲಿ ಪ್ಯಾರಿಸ್‌ನಲ್ಲಿ ಮಾಲ್ಯೂಸ್ ಎಂಬ ವಿಜ್ಞಾನಿ ಎದುರಿನ ಅರಮನೆಯ ಕಿಟಕಿ ಗಾಜಿನಿಂದ ಬರುತ್ತಿದ್ದ ಸಂಜೆ ಬಿಸಿಲನ್ನು ಒಂದು ಹರಳಿನ ಮೂಲಕ ನೋಡಿದ. ಹರಳು ತಿರುಗಿಸಿದಂತೆ ಬೆಳಕು ಹೆಚ್ಚು ಕಡಿಮೆ ಆಯಿತು. ಬೆಳಕಿನ ಕಣಗಳಿಗೆ ಆಯಸ್ಕಾಂತದ ಹಾಗೆ ಧ್ರುವಗಳಿರಬೇಕು ಎಂದುಕೊಂಡು ಆ ಹೆಸರಿಟ್ಟ. ಆ ಊಹೆ ಆಮೇಲೆ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. ನಾವು ಬಿದ್ದುಹೋದ ಊಹೆಯನ್ನು ಸಂಸ್ಕೃತಕ್ಕೆ ಹಾಕಿ ‘ಧ್ರುವೀಕರಣ’ ಎಂದೆವು. ಈಗ ಪತ್ರಿಕೆಗಳಲ್ಲಿ ಆ ಪದ ಕಂಡರೆ ಮತಗಳ ಸುದ್ದಿ ಅಂತಲೇ ಓದುತ್ತೇವೆ.

ನಡೆಯುವುದು ಇಷ್ಟೇ: ಎಲ್ಲ ದಿಕ್ಕಿಗೂ ಅದುರುವ ಬೆಳಕಲ್ಲಿ ಒಂದೇ ದಿಕ್ಕಿನದನ್ನು ಗಾಜು ಬಿಡುತ್ತದೆ. ‘ಒಮ್ಮೊಗ ಗಾಜು’ ಎನ್ನಿ. ಒಂದು ನಮ್ಮದೇ, ಮೊಗ ‘ಮುಖ’ದ ತದ್ಭವವಾದರೂ ನಮ್ಮದೇ ಆಗಿಹೋಗಿದೆ.

ಉತ್ತರ, ಬೆಂಗಳೂರಿನಿಂದ

ಒಪ್ಪುವುದಿಲ್ಲ. ಒಮ್ಮೊಗ ಗಾಜು ಎಂದರೆ ಒಂದು ಕಡೆಯಿಂದ ಮಾತ್ರ ಕಾಣುವ ಗಾಜು ಅಂತ ಓದುಗ ತಿಳಿಯುತ್ತಾನೆ. ಕನ್ನಡಿಯ ಹಾಗೆ ಹೊಳೆಯುವ ಲೆನ್ಸನ್ನು ಅದೇ ಅಂಗಡಿಯಲ್ಲಿ ಮಾರುತ್ತಾರೆ. ಅದು ಬೇರೆಯೇ ವಸ್ತು.

ಇನ್ನೊಂದು. ಸೂಚನೆಯಲ್ಲಿ ಎಲ್ಲೂ ‘ಕಪ್ಪು ಕನ್ನಡಕ’ ಎಂದು ಬರೆಯಬೇಡಿ. ಹೆಸರಲ್ಲೇ ಕಪ್ಪು ಇದ್ದರೆ ಕಪ್ಪಾದಷ್ಟೂ ಒಳ್ಳೆಯದು ಎಂದುಕೊಳ್ಳುತ್ತಾರೆ. ಪೈಲಟ್‌ಗಳಿಗೆ ಹೇಳುವ ಅಳತೆ ಶೇಕಡಾ 15ರಷ್ಟು ಬೆಳಕು ಒಳಗೆ ಬಿಡುವ ಗಾಜು. ಎಷ್ಟು ಬೆಳಕು ಬಿಡುತ್ತದೆ ಎಂಬುದರ ಮೇಲೆ ಗಾಜಿಗೆ ಕೊಡುವ ದರ್ಜೆಗಳಲ್ಲಿ ಅದು 3ನೇದರಲ್ಲಿ ಬರುತ್ತದೆ. 4ನೇ ದರ್ಜೆಯದು ಶೇಕಡಾ 3ರಿಂದ 8 ಮಾತ್ರ ಬಿಡುತ್ತದೆ, ಅದನ್ನು ಹಾಕಿಕೊಂಡು ರಸ್ತೆಯಲ್ಲಿ ಕಾರು ಕೂಡ ಓಡಿಸಬಾರದು. ಬಣ್ಣ ಬೂದು ಇರಲಿ, ಇಲ್ಲವೇ ಬೂದು ಬೆರೆತ ಹಸಿರು.

ಉತ್ತರ, ಧಾರವಾಡದಿಂದ

ನಮ್ಮ ಕಡೆ ಹಿರಿಯರು ಕನ್ನಡಕಕ್ಕೆ ಚಾಳೀಸು ಅಂತಾರೆ. ನಲವತ್ತಕ್ಕೆ ಬರುವ ಕನ್ನಡಕ, ಮರಾಠಿಯ ಚಾಳಿಶಿ. ಅದನ್ನು ಕನ್ನಡ ಅಲ್ಲ ಅಂತ ಯಾರಾದರೂ ಹೇಳಿ ನೋಡೋಣ. ಕೂಲಿಂಗ್ ಗ್ಲಾಸೂ ಹಾಗೇ. ಇಂಗ್ಲೆಂಡಿನ ಅಂಗಡಿಯಲ್ಲಿ ಕೇಳಿದರೆ ಅವರಿಗೆ ತಿಳಿಯುವುದಿಲ್ಲ. ನಾವು ಇಲ್ಲಿ ಕಟ್ಟಿಕೊಂಡ ಮಾತು ಅದು. ಎರವಲು ಎಂದ ಕೂಡಲೇ ಬಾಗಿಲು ಹಾಕುವುದು ಸರಿಯಲ್ಲ.

ಉತ್ತರ, ಶಿವಮೊಗ್ಗದಿಂದ

ಚಾಳೀಸು ಜನರ ಬಾಯಲ್ಲಿ ಸವೆದು ಬಂದದ್ದು. ಪೋಲರೈಸ್ಡ್ ಅಂಗಡಿಯ ಚೀಟಿಯಿಂದ ಬಂದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಹೀಗೇ ಬಿಡುತ್ತಾ ಹೋದರೆ ವಿಜ್ಞಾನಕ್ಕೆ ಕನ್ನಡದಲ್ಲಿ ‘ಆಗಿದೆ’, ‘ಮಾಡಿ’ ಬಿಟ್ಟು ಏನೂ ಉಳಿಯುವುದಿಲ್ಲ.

ಉತ್ತರ, ಬೆಂಗಳೂರಿನಿಂದ

ಚೀಟಿಯಿಂದ ಬಂದದ್ದು ಅನ್ನುವುದೇ ಇಲ್ಲಿ ಮುಖ್ಯ ಸರ್. ಹುಡುಗಿ ಅಂಗಡಿಗೆ ಹೋಗುತ್ತಾಳೆ. ಗಾಜಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಪೋಲರೈಸ್ಡ್ ಅಂತ ಇರುತ್ತದೆ. ಅಂಗಡಿಯವನು ಅದೇ ಒಳ್ಳೆಯದು, ಬೆಲೆಯೂ ಜಾಸ್ತಿ ಅಂತಾನೆ. ಕಾರು ಓಡಿಸುವವರಿಗೆ, ನೀರಿನ ಮೇಲೆ ಕೆಲಸ ಮಾಡುವವರಿಗೆ ಅದು ಒಳ್ಳೆಯದೇ. ಇವಳು ಮಾತ್ರ ಬೇಡ ಅನ್ನಬೇಕು. ಆ ಹೊತ್ತಿಗೆ ತಲೆಯಲ್ಲಿ ‘ಒಮ್ಮೊಗ’ ಇದ್ದರೆ ಚೀಟಿ ಓದಿ ಏನು ಪ್ರಯೋಜನ? ಕೊಳ್ಳಬಾರದ ವಸ್ತುವಿನ ಹೆಸರು ಅಂಗಡಿಯಲ್ಲಿ ಇರುವ ಹಾಗೆಯೇ ಇರಲಿ. ಯಾಕೆ ಬೇಡ ಅನ್ನುವುದನ್ನು ಅಚ್ಚ ಕನ್ನಡದಲ್ಲಿ ಹೇಳೋಣ.

ಅಲ್ಲಿ ನಮ್ಮ ಭಾಷೆಗೆ ಬಡತನ ಇಲ್ಲ. ಗ್ಲೇರ್‌ಗೆ ‘ಕಣ್ಣು ಕೋರೈಸುವ ಬೆಳಕು’. ಗ್ಲಿಂಟ್‌ಗೆ ‘ಫಳ್ಳನೆ ಮಿಂಚುವುದು’. ಕೋರೈಸುವುದು ಬಿಡದೆ ಕಾಡುತ್ತದೆ, ಮಿಂಚುವುದು ಕ್ಷಣದಲ್ಲಿ ಬಂದು ಹೋಗುತ್ತದೆ. ಒಂದು ಕಣ್ಣಿಗೆ ಶತ್ರು. ಇನ್ನೊಂದು ಎದುರಿನ ವಿಮಾನದ ಸುಳಿವು. ಪೋಲರೈಸ್ಡ್ ಗಾಜು ಎರಡನ್ನೂ ಅಳಿಸಬಲ್ಲದು. ಈ ಎರಡು ಮಾತನ್ನು ಪಕ್ಕಪಕ್ಕ ಇಟ್ಟರೆ ವಿದ್ಯಾರ್ಥಿಗೆ ವಿಷಯ ಅಲ್ಲೇ ತಿಳಿಯುತ್ತದೆ.

ಉತ್ತರ, ಮೈಸೂರಿನಿಂದ

ಆಯಿತು, ಆದರೆ ಆವರಣದಲ್ಲಾದರೂ ‘ಧ್ರುವೀಕೃತ’ ಇರಲಿ. ಪುಸ್ತಕದ ಪದ ಬಳಸದಿದ್ದರೆ ಸಾಯುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ‘ಪೋಲರೈಸ್ಡ್ ಎಂದು ಬರೆದಿರುವ ಗಾಜು ಬೇಡ’ ಅಂತಲೇ ಹಾಕಿದ್ದೇನೆ. ಧ್ರುವೀಕೃತ ಎಂಬುದನ್ನು ಕೆಳಗೆ ಕಾರಣ ಹೇಳುವ ಸಾಲಿನಲ್ಲಿ ಸೇರಿಸಿದ್ದೇನೆ. ಕೋರೈಸು, ಮಿಂಚು ಎರಡೂ ಬಂದಿವೆ. ಬಿಸಿಲಿಗೆ ತಾನೇ ಕಪ್ಪಾಗುವ ಗಾಜೂ ಬೇಡ ಎಂದಿದ್ದೇನೆ. ಅದು ಕಪ್ಪಾಗಲು ಅತಿನೇರಳೆ ಕಿರಣ ಬೇಕು, ವಿಂಡ್‌ಶೀಲ್ಡ್ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಕನ್ನಡಕದ ಕಡ್ಡಿ ತೆಳ್ಳಗಿರಲಿ ಎಂಬುದಕ್ಕೆ ‘ಕಡ್ಡಿ’ ಪದವನ್ನೇ ಇಟ್ಟೆ. ದಪ್ಪ ಕಡ್ಡಿ ಇದ್ದರೆ ಹೆಡ್‌ಸೆಟ್ ಕಿವಿಗೆ ಸರಿಯಾಗಿ ಕೂರುವುದಿಲ್ಲ, ಎಂಜಿನ್ ಸದ್ದು ಒಳಗೆ ಬರುತ್ತದೆ.

ಉಳಿದದ್ದು ಗ್ರೇಡಿಯೆಂಟ್ ಲೆನ್ಸ್. ‘ಮೇಲೆ ಗಾಢ, ಕೆಳಗೆ ತಿಳಿ’ ಎಂದು ಬರೆದಿದ್ದೇನೆ, ಕೆಳಗಿನ ಮೀಟರುಗಳು ಚೆನ್ನಾಗಿ ಕಾಣಲಿ ಅಂತ. ಆಕ್ಷೇಪ ಇದ್ದರೆ ರಾತ್ರಿಯೊಳಗೆ ತಿಳಿಸಿ.